ಬೆಣ್ಣೆಕೈಯವನ ಕುರ್ಚಿ

ಇಡೀ ರಾದ್ಧಾಂತಕ್ಕೆ ಕಾರಣ ಬೇಕರಿಯವನ ಕಿವಿಯ ಕೆಳಗಿನ ಒಂದು ಗಾಯ. ಗಾತ್ರ ಎಳ್ಳಿನಷ್ಟು. ನುಣುಪು ಕೆಲಸಕ್ಕೆ ಬೀದಿಯಲ್ಲೆಲ್ಲ ಬೆಣ್ಣೆಕೈ ಎಂದೇ ಹೆಸರಾದ ಕ್ಷೌರಿಕ ಅವನ ಗಡ್ಡ ಹೆರೆಯುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಕುಸಿಯುವ ಮೊದಲು ಕತ್ತಿಯನ್ನು ಗಿರಾಕಿಯ ಕುತ್ತಿಗೆಯಿಂದ ದೂರ ಎಸೆದಿದ್ದ. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಅವನು ಆಸ್ಪತ್ರೆಯಲ್ಲಿ ಎದೆಯೊಳಗೆ ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದರೆ, ಬೇಕರಿಯವನು ಕುತ್ತಿಗೆಗೆ ಅಗಲವಾದ ಪಟ್ಟಿ ಸುತ್ತಿಕೊಂಡು, ಬನ್ನು ಕೊಳ್ಳಲು ಬಂದವರಿಗೆಲ್ಲ ತಾನು ಯಮನ ಬಾಯಿಂದ ಪಾರಾಗಿ ಬಂದ ಕತೆ ಹೇಳುತ್ತಿದ್ದ. ಸಾಯಲು ಹೊರಟವನು ಒಬ್ಬ, ಕನಿಕರ ಗಿಟ್ಟಿಸಿದವನು ಇನ್ನೊಬ್ಬ.

ಆಸ್ಪತ್ರೆಯಿಂದ ಬಂದ ಬೆಣ್ಣೆಕೈಗೆ ಮನೆಯಲ್ಲೂ ಸುಖವಿರಲಿಲ್ಲ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಹೆಂಡತಿ ಬಂದು ಮೂಗಿನ ಮುಂದೆ ಬೆರಳಿಟ್ಟು ನೋಡುತ್ತಿದ್ದಳು. ಒಂದು ಚೊಂಬು ನೀರು ಎತ್ತಲೂ ಬಿಡುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ, ಅಂಗಡಿಯ ಕಿಟಕಿ ಪಕ್ಕದ ತನ್ನ ಕುರ್ಚಿ. ಅದರ ಹಿಂದೆ ನಿಂತಾಗ ಮಾತ್ರ ಅವನು ಮನುಷ್ಯ. ಉಳಿದಂತೆ ಮಾತ್ರೆ ನುಂಗುವ ಯಂತ್ರ. ಹಾಗಾಗಿ, ಇನ್ನು ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆಯೇ ಹೋಗಿ ಅಂಗಡಿಯ ಬಾಗಿಲು ತೆರೆದ.

ಎರಡನೆಯ ಕುರ್ಚಿಯಲ್ಲಿ ಕೆಲಸ ಮಾಡುವ ಬಾಮೈದ ಬಂದು ಅವನನ್ನು ನೋಡಿ, "ಭಾವ, ಇಷ್ಟು ಬೇಗ ಯಾಕೆ ಬಂದ್ರಿ?" ಎಂದ. ಮುಖ ಹುಳ್ಳಗಾಗಿತ್ತು. ಬೆಣ್ಣೆಕೈ ಅದನ್ನು ಪ್ರೀತಿ ಎಂದುಕೊಂಡ.

ಬಾಮೈದನ ಕುರ್ಚಿ ತುಂಬಿ, ಬೆಂಚಿನ ಮೇಲೂ ಇಬ್ಬರು ಕಾಯುತ್ತಿದ್ದಾಗ ನಿವೃತ್ತ ಮೇಷ್ಟ್ರು ಬಂದರು. ಬೆಣ್ಣೆಕೈ ಕತ್ತಿ ಹಿಡಿದಂದಿನಿಂದ ಅವನ ಗಿರಾಕಿ.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ."

"ಇರಲಪ್ಪ. ನಿನ್ನ ಬಾಮೈದನ ಕೈ ಖಾಲಿಯಾಗಲಿ."

"ನನ್ನ ಕೈ ಖಾಲಿ ಇದೆಯಲ್ಲ."

"ನೀನು ದಣೀಬಾರದು ಕಣಯ್ಯ. ನಿನ್ನ ಜೀವ ನಮಗೂ ಮುಖ್ಯ ಅಲ್ವಾ?" ಎನ್ನುತ್ತ ಮೇಷ್ಟ್ರು ತಮ್ಮ ಗಂಟಲು ಸವರಿಕೊಂಡು ಬೆಂಚಿನ ಮೇಲೆ ಕೂತರು.

ಆಮೇಲೆ ವಕೀಲರು ಬಂದರು. ಧೈರ್ಯವಂತರು, ಕುರ್ಚಿಯಲ್ಲಿ ಕೂತೇಬಿಟ್ಟರು. ಆದರೆ ಕರಾರು ಹಾಕಿದರು, "ಕತ್ತರಿ ಆಗಬಹುದು, ಕತ್ತಿ ಬೇಡ." ಬೆಣ್ಣೆಕೈ ಒಪ್ಪಿ ಕೂದಲು ಕತ್ತರಿಸತೊಡಗಿದ. ವಕೀಲರು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುವ ಬದಲು ಅವನ ಮುಖವನ್ನೇ ನೋಡುತ್ತಿದ್ದರು.

"ಬೆವರ್ತಿದೀಯಾ?"

"ಇಲ್ಲ ಸಾರ್."

"ಎಡಗೈ ಏನಾದ್ರೂ ಎಳೀತಿದೆಯಾ?"

ಹೀಗೆ ವಿಚಾರಣೆ ನಡೆದರೆ ಕಲ್ಲೂ ಬೆವರುತ್ತದೆ. ಬೆಣ್ಣೆಕೈ ಬೆವರಿದ. ಸಾಲದ್ದಕ್ಕೆ ಮೂಗಿಗೆ ಕೂದಲು ಹೊಕ್ಕು ಜೋರಾಗಿ ಸೀನಿದ. ವಕೀಲರು ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಬೀದಿಗೆ ಓಡಿದರು. ಪಕ್ಕದ ಔಷಧಿ ಅಂಗಡಿಯವಳು ಓಡಿ ಬಂದು, ಬೇಡ ಬೇಡವೆಂದರೂ ಬೆಣ್ಣೆಕೈಯನ್ನು ನೆಲದ ಮೇಲೆ ಅಂಗಾತ ಮಲಗಿಸಿ ನಾಡಿ ನೋಡಿದಳು. ನಾಡಿ ಚೆನ್ನಾಗಿಯೇ ಇತ್ತು. ಬೆಂಚಿನವರಿಗೆ ಮಾತ್ರ ನಂಬಿಕೆ ಬರಲಿಲ್ಲ. ಅರ್ಧ ತಲೆಯ ವಕೀಲರು ವಾಪಸು ಬಂದು ಬಾಮೈದನ ಸರದಿಯಲ್ಲಿ ಕೂತರು.

"ಭಾವ, ಮನೆಗೆ ಹೋಗಿ ಮಲಕ್ಕೊಳ್ಳಿ."

"ಮಲಗಿ ಮಲಗಿ ಬೆನ್ನು ಸವೆದಿದೆ ಕಣೋ," ಎಂದು ಎದ್ದು ಬಟ್ಟೆ ಕೊಡವಿದ. ಅವನಿಗೆ ಅಳು ಬರುವಂತಾಗಿತ್ತು. ಇದಕ್ಕಿಂತ ಅವತ್ತೇ ಹೋಗಿದ್ದರೆ ಬೇಕರಿಯವನಾದರೂ ಒಂದು ಹಾರ ತರುತ್ತಿದ್ದ ಎನಿಸಿತು.

ಅಷ್ಟರಲ್ಲಿ ಒಬ್ಬ ಅಪರಿಚಿತ ಬಂದ. ಮೂವತ್ತರ ವಯಸ್ಸು, ಹಸನ್ಮುಖಿ. ಬಾಮೈದ ಅವನತ್ತ ಏನೇನೋ ಕೈಸನ್ನೆ ಮಾಡಿದ. ಅವನು ಅದನ್ನು ಗಮನಿಸದೆ ನೇರ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಹಿಂದಕ್ಕೊರಗಿ, "ಶೇವಿಂಗ್ ಮಾಡಿ ಅಣ್ಣ," ಎಂದ.

"ಕತ್ತಿಯಲ್ಲಾ?"

"ಮತ್ತೆ ಚಮಚದಲ್ಲಾ?"

ಬೆಣ್ಣೆಕೈ ಹೊಸ ಬ್ಲೇಡು ಹಾಕಿದ. ನೊರೆ ಬಳಿದು ಕೆನ್ನೆಯಿಂದ ಇಳಿಸಿದ. ಬೆಂಚು ಉಸಿರು ಬಿಗಿಹಿಡಿದು ನೋಡುತ್ತಿತ್ತು. ಬೆರಳು ಒಂದಿಷ್ಟೂ ನಡುಗಲಿಲ್ಲ. ಗಂಟಲಿನ ಉಬ್ಬನ್ನು ಕತ್ತಿ ನುಣ್ಣಗೆ ದಾಟಿದಾಗ ಮೇಷ್ಟ್ರು ಅರಿವಿಲ್ಲದೆ ಭೇಷ್ ಎಂದರು. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಬೆಣ್ಣೆಕೈಗೆ ತಾನು ಬದುಕಿದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಒಂದು ಕೆನ್ನೆ ಮುಗಿದಾಗ ಅಪರಿಚಿತ ಕಣ್ಣು ತೆರೆದ. "ಕೈ ಅಂದ್ರೆ ಇದು. ನಾನೂ ಇದೇ ಕಸುಬಿನವನು, ಇಂಥ ಕೈ ನೋಡಿಲ್ಲ. ಇಷ್ಟು ಚೆನ್ನಾಗಿ ಮಾಡೋರು ಯಾಕಣ್ಣ ಬಿಡ್ತಿದೀರ?"

"ಏನನ್ನ?"

"ಈ ಕುರ್ಚೀನ. ನಾಳೆಯಿಂದ ನಾನಲ್ವಾ ಇಲ್ಲಿ?"

ಬೆಣ್ಣೆಕೈ ಬಾಮೈದನತ್ತ ತಿರುಗಿದ. ಅವನು ನೆಲ ನೋಡುತ್ತ, "ಹೇಳೋಣ ಅಂತಾನೇ ಇದ್ದೆ ಭಾವ. ಅಂಗಡಿ ನಡೀಬೇಕಲ್ಲ. ಅಕ್ಕನೂ ಒಪ್ಪಿದಾಳೆ," ಎಂದ.

ಕತ್ತಿ ಇನ್ನೂ ಹೊಸಬನ ಗಂಟಲ ಬಳಿಯೇ ಇತ್ತು. ಹೊಸಬ ಈಗ ಉಗುಳು ನುಂಗಿದ. ಬೆಣ್ಣೆಕೈಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆದರೂ ಅರ್ಧ ಗಡ್ಡಕ್ಕೆ ಗಿರಾಕಿಯನ್ನು ಎಬ್ಬಿಸುವುದು ಅವನಿಗೆ ಗೊತ್ತಿರಲಿಲ್ಲ. ಇನ್ನೊಂದು ಕೆನ್ನೆಯನ್ನೂ ಅಷ್ಟೇ ನುಣ್ಣಗೆ ಮುಗಿಸಿ, ಮುಖ ಒರೆಸಿದ. ಒಂದು ಗೀರೂ ಇರಲಿಲ್ಲ. ಬೆಂಚಿನವರೆಲ್ಲ ಬಗ್ಗಿ ನೋಡಿದರು. ಎಲ್ಲರೂ ತಲೆದೂಗಿದರು.

ಹೊಸಬ ಕುರ್ಚಿ ಬಿಟ್ಟೇಳುತ್ತಲೇ ಮೇಷ್ಟ್ರು ಎದ್ದು ಬಂದರು. ಬೆಣ್ಣೆಕೈ ಆಸೆಯಿಂದ ಕುರ್ಚಿಯ ಸೀಟು ಒರೆಸಿದ. ಮೇಷ್ಟ್ರು ಅದರಲ್ಲಿ ಕೂತು ಹೊಸಬನ ಕಡೆ ನೋಡಿದರು.

"ನೀನು ಇವತ್ತೇ ಶುರು ಮಾಡ್ತೀಯೇನಪ್ಪ?"

ಬೆಣ್ಣೆಕೈ ಬ್ಲೇಡು ಬದಲಾಯಿಸಿ, ಹಿಡಿಯನ್ನು ಮುಂದೆ ಮಾಡಿ ಕತ್ತಿಯನ್ನು ಹೊಸಬನಿಗೆ ಕೊಟ್ಟ. ಮೇಷ್ಟ್ರು ನಿಶ್ಚಿಂತೆಯಿಂದ ಕಣ್ಣು ಮುಚ್ಚಿ ಗಂಟಲು ಮೇಲೆತ್ತಿದರು.