ನಲವತ್ತು ಸೆಕೆಂಡಿನ ‘ಹೌದು’

ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಉತ್ತರವೆಂಬುದು ನಲವತ್ತು ಸೆಕೆಂಡಿಗೆ ಕಡಿಮೆ ಇರತಕ್ಕದ್ದಲ್ಲ, ಎರಡು ನಿಮಿಷ ಮೀರತಕ್ಕದ್ದೂ ಅಲ್ಲ. ಟೋಂಗಾ ದೇಶದ ನುಕುಅಲೋಫಾ ಪರೀಕ್ಷಾ ಕಚೇರಿಯಲ್ಲಿ ಇದು ಶಾಶ್ವತ ನಿಯಮ. ಉತ್ತರ ಸರಿಯೋ ತಪ್ಪೋ ಎಂದು ನೋಡಲು ಹಿಂದೆ ಅರ್ಥ ಪರೀಕ್ಷಕರೆಂಬ ಹುದ್ದೆಯೊಂದಿತ್ತು. ಅವರು ನಿವೃತ್ತರಾದ ಮೇಲೆ ಯಾರನ್ನೂ ನೇಮಿಸಲಿಲ್ಲ. ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲವೆಂದು ವರದಿಯಾಗಿದೆ. ಈಗ ಉಳಿದಿರುವವರು ಉತ್ತರದ ಉದ್ದ ಅಳೆಯುವ ಉದ್ದ ಪರೀಕ್ಷಕ ಮಾಲಕಾಯಿ ಒಬ್ಬರೇ. ಅವರ ಮೇಜಿನ ಮೇಲೆ ಸಿಡ್ನಿಯ ಮುಖ್ಯ ಕಚೇರಿ ಕಳಿಸಿದ ಎರಡು ಮರಳು ಗಡಿಯಾರಗಳಿವೆ. ಚಿಕ್ಕದರ ಮರಳು ಇಳಿದ ಮೇಲೆ, ದೊಡ್ಡದರದ್ದು ಇಳಿಯುವ ಮೊದಲು ಬಾಯಿ ಮುಚ್ಚಿದವರು ಪಾಸು.

ನರ್ಸ್ ಮೆಲೆನೈತೆ ಪಾಸಾಗಲೇಬೇಕಿತ್ತು. ಆಕ್ಲೆಂಡಿನ ಆಸ್ಪತ್ರೆಯೊಂದು ಕೆಲಸ ಕೊಡಲು ಕಾದಿತ್ತು. ಅದೇ ಊರಿನಲ್ಲಿ ಮಗಳು ಲೂಸೆ ಚೊಚ್ಚಲ ಬಸುರಿ. ನುಕುಅಲೋಫಾದ ಅರ್ಧದಷ್ಟು ಮಕ್ಕಳನ್ನು ಭೂಮಿಗಿಳಿಸಿದ ಕೈ ಮೆಲೆನೈತೆಯದು. ಸ್ವಂತ ಮೊಮ್ಮಗು ಯಾರದೋ ಕೈಗೆ ಬೀಳುವುದು ಅವಳಿಗೆ ಸುತರಾಂ ಒಪ್ಪಿಗೆಯಿರಲಿಲ್ಲ.

“ನೀವು ನರ್ಸಾ?” ಎಂಬುದು ಮೊದಲ ಸಲದ ಪ್ರಶ್ನೆ. ಮೆಲೆನೈತೆ ಹುಬ್ಬು ಹಾರಿಸಿದಳು. ಟೋಂಗಾದಲ್ಲಿ ಹೌದೆನ್ನಲು ಅಷ್ಟು ಸಾಕು. ಮದುವೆಗಳೇ ಅದರ ಮೇಲೆ ನಿಶ್ಚಯವಾಗಿವೆ.

ಮಾಲಕಾಯಿ ಸೊನ್ನೆ ಬರೆದರು.

“ಹೌದು ಅಂದ್ನಲ್ಲಪ್ಪಾ!”

“ಅಂದ್ರಿ ಅಕ್ಕಾ. ನಂಗೆ ಅರ್ಥಾನೂ ಆಯ್ತು. ಮರಳಿಗೆ ಅರ್ಥ ಆಗ್ಲಿಲ್ಲ.”

ಎರಡನೆಯ ಸಲ, ರೋಗಿಯ ಉಸಿರು ನಿಂತರೆ ಏನು ಮಾಡುತ್ತೀರಿ ಎಂದು ಕೇಳಲಾಯಿತು. ಎದೆ ಒತ್ತುತ್ತೇನೆ ಎಂದು ಅಚ್ಚ ಇಂಗ್ಲಿಷಿನಲ್ಲಿ ಹೇಳಿ ಅವಳು ಸುಮ್ಮನಾದಳು. ಚಿಕ್ಕ ಗಡಿಯಾರದ ಮರಳು ಇನ್ನೂ ಇಳಿಯಲು ಶುರುಮಾಡಿತ್ತಷ್ಟೆ.

“ಇಷ್ಟು ಬೇಗ ಮುಗಿಸಿದ್ರೆ ಹೆಂಗಕ್ಕಾ? ಇನ್ನೊಂಚೂರು ಎಳೀರಿ.”

“ಎಳೀತಾ ಕೂತ್ರೆ ಅವನು ಸಾಯ್ತಾನಲ್ಲೋ!”

“ಸಾಯ್ಲಿ ಬಿಡಿ. ಪರೀಕ್ಷೆ ರೋಗಿ ತಾನೆ.”

ರೋಗಿ ಬದುಕಿದ ಕಾರಣ ಮೆಲೆನೈತೆ ಮತ್ತೆ ಫೇಲಾದಳು. ಆ ಸಂಜೆ ಲೂಸೆ ಫೋನಿನಲ್ಲಿ ರೇಗಿದಳು: “ಅಮ್ಮಾ, ನೀನು ಪಾಸಾಗೋ ತನಕ ಹೊಟ್ಟೇಲಿರೋದು ಕಾಯಲ್ಲ, ಗೊತ್ತಾಯ್ತಾ?”

ಉದ್ದ ಮಾತು ಕಲಿಯಲು ಮೆಲೆನೈತೆ ನಿವೃತ್ತ ಪಾದ್ರಿ ಫೆಲೆತಿಯವರ ಬಳಿ ಹೋದಳು. ಇಡೀ ಊರಿನಲ್ಲಿ ಅವರಿಗಿಂತ ಅರ್ಹರಿರಲಿಲ್ಲ. ಭಾನುವಾರ ಜನ ಮಣ್ಣಿನೊಲೆಯಲ್ಲಿ ಕೆಸುವಿನೆಲೆ ಸುತ್ತಿದ ಮಾಂಸ ಹುಗಿದು ಚರ್ಚಿಗೆ ಬಂದರೆ, ಅವರ ಪ್ರಸಂಗ ಮುಗಿಯುವಷ್ಟರಲ್ಲಿ ಅದು ಇದ್ದಿಲಾಗಿರುತ್ತಿತ್ತು.

“ಅಯ್ಯನೋರೇ, ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ.”

“ಬೇಡ ಕಣಮ್ಮಾ. ಪ್ರಾರ್ಥನೆ ಮಾಡೋಕೆ ಬರುತ್ತಲ್ಲ? ಸಾಕು.”

ಮೂರನೆಯ ಸಲ, ನಿಮ್ಮ ದಿನಚರಿ ಹೇಳಿ ಎಂಬ ಪ್ರಶ್ನೆ ಬಂತು. “ಮೊದಲು ಪ್ರಾರ್ಥನೆ,” ಎಂದು ಮೆಲೆನೈತೆ ಕಣ್ಣು ಮುಚ್ಚಿ ಶುರು ಹಚ್ಚಿಕೊಂಡಳು. ಮಾಲಕಾಯಿ ಸಭ್ಯರು, ಚರ್ಚಿನ ಗಾಯಕರು ಬೇರೆ; ತಾವೂ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಅವಳು ರೋಗಿಗಳಿಗಾಗಿ, ರೋಗಿಗಳ ನೆಂಟರಿಗಾಗಿ, ಮಾಲಕಾಯಿಯವರ ಮಂಡಿನೋವಿಗಾಗಿ, ಕೊನೆಗೆ ಸಿಡ್ನಿಯ ಮುಖ್ಯ ಕಚೇರಿಯವರ ಆತ್ಮಗಳಿಗಾಗಿಯೂ ಬೇಡಿಕೊಂಡಳು. ಆಮೆನ್ ಹೇಳಿ ಕಣ್ಣು ಬಿಟ್ಟಾಗ ಎರಡೂ ಗಡಿಯಾರಗಳ ಮರಳು ಕೆಳಗೆ ತಣ್ಣಗೆ ಕೂತಿತ್ತು.

“ಎಷ್ಟಾಯ್ತಕ್ಕಾ?”

“ನಂಗೇನು ಗೊತ್ತಪ್ಪಾ? ನಾನೂ ಕಣ್ಣು ಮುಚ್ಚಿದ್ದೆ.”

ಮಾಲಕಾಯಿ ಪೆನ್ನೆತ್ತಿ ಮತ್ತೆ ಕೆಳಗಿಟ್ಟರು. ಉತ್ತರ ಉದ್ದವಾಯಿತೆಂದು ಬರೆಯಬಹುದು. ಪ್ರಾರ್ಥನೆ ಉದ್ದವಾಯಿತೆಂದು ಬರೆದರೆ ಭಾನುವಾರ ಯಾವ ಮುಖ ಹೊತ್ತು ಹಾಡುವುದು? ಅವರು ಫಲಿತಾಂಶ ತಡೆಹಿಡಿದು ಸಿಡ್ನಿಗೆ ಬರೆದು ಕೇಳಿದರು.

ಸಿಡ್ನಿಯಲ್ಲಿ ಈ ಕುರಿತು ಒಂದು ಸಮಿತಿ ರಚನೆಯಾಯಿತು. ಸಮಿತಿಯವರು ಹಲವು ಬಾರಿ ಸಭೆ ಸೇರಿ, ಊಟ ಮಾಡಿ, ಚದುರಿದರು. ಅಷ್ಟರಲ್ಲಿ ಆಕ್ಲೆಂಡಿನಲ್ಲಿ ಲೂಸೆಗೆ ಗಂಡುಮಗು ಹುಟ್ಟಿತು. ಫೋನಿನ ಪರದೆಯ ಮೇಲೆ ಅದರ ಕೆಂಪು ಮುಖ ನೋಡಿ ಮೆಲೆನೈತೆ ಸಂತೋಷಕ್ಕೂ ಸಂಕಟಕ್ಕೂ ಸೇರಿಸಿ ಬಿಕ್ಕಿ ಬಿಕ್ಕಿ ಅತ್ತಳು. ಮಗು ಮಗುಚಿ, ಅಂಬೆಗಾಲಿಟ್ಟು, ಹಲ್ಲು ಮೂಡಿದ ಮೇಲೆ ಸಮಿತಿಯ ತೀರ್ಮಾನ ಬಂತು:

‘ಸದರಿ ಪ್ರಾರ್ಥನೆಯು ಪರೀಕ್ಷಕರನ್ನು ಉದ್ದೇಶಿಸಿದ್ದಲ್ಲ. ಆದಕಾರಣ ಅದು ಯಾರನ್ನು ಉದ್ದೇಶಿಸಿದೆಯೋ ಅವರಿಂದ, ಇಲ್ಲವೇ ಅವರ ಸ್ಥಳೀಯ ಪ್ರತಿನಿಧಿಯಿಂದ, ಉದ್ದದ ಬಗ್ಗೆ ದೃಢೀಕರಣ ಪಡೆಯತಕ್ಕದ್ದು.’

ಸ್ಥಳೀಯ ಪ್ರತಿನಿಧಿಯಾಗಿ ಫೆಲೆತಿಯವರೇ ಸಿಕ್ಕರು. ಪರೀಕ್ಷೆಯ ದಿನ ಅವರು ಆ ಕೋಣೆಯಲ್ಲಿರಲಿಲ್ಲವೆಂಬ ಆಕ್ಷೇಪಣೆಗೆ, ಉದ್ದೇಶಿತರು ಎಲ್ಲೆಡೆಯೂ ಇರುವರೆಂದು ಉತ್ತರಿಸಿದರು. ದೃಢೀಕರಣಕ್ಕೆ ಶುಲ್ಕವಿಲ್ಲ, ಭಕ್ತರು ಸಂತೋಷದಿಂದ ಒಂದು ಸುಟ್ಟ ಹಂದಿಮರಿ ಕೊಡಬಹುದು, ಸಂತೋಷವಿಲ್ಲದವರು ಎರಡು. ಮೆಲೆನೈತೆಯ ಪ್ರಾರ್ಥನೆ ಎರಡು ನಿಮಿಷಕ್ಕೆ ತುಸು ಕಡಿಮೆಯಿತ್ತೆಂದು ಮೇಲಿನಿಂದ ತಿಳಿದುಬಂತು. ಅಂದಿನಿಂದ ನುಕುಅಲೋಫಾದಲ್ಲಿ ಪರೀಕ್ಷೆಗೆ ಕೂತವರೆಲ್ಲರ ಪ್ರಾರ್ಥನೆಯೂ ಅಷ್ಟೇ ಉದ್ದವಿದೆ. ಊರಿನಲ್ಲಿ ಹಂದಿಮರಿಗಳು ಕಡಿಮೆಯಾಗಿವೆ, ಪಾಸಾದವರು ಹೆಚ್ಚಿದ್ದಾರೆ, ಮಾಲಕಾಯಿಗೆ ಬಡ್ತಿ ಸಿಕ್ಕಿದೆ.

ಆಕ್ಲೆಂಡ್ ವಿಮಾನ ನಿಲ್ದಾಣಕ್ಕೆ ಲೂಸೆ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದಿದ್ದಳು. ಅದಾಗಲೇ ಮಾತು ತೊದಲುತ್ತಿತ್ತು.

“ನೋಡೋ, ಯಾರ್ ಬಂದ್ರು? ಅಜ್ಜಿನಾ?”

ಮಗು ಮೆಲೆನೈತೆಯನ್ನು ಒಂದು ಗಳಿಗೆ ನಿಟ್ಟಿಸಿ ನೋಡಿ, ಟಕ್ಕನೆ ಎರಡೂ ಹುಬ್ಬು ಹಾರಿಸಿತು.

ಅವಳಿಗೆ ಕಣ್ಣು ತುಂಬಿ ಬಂತು. ಎತ್ತಿ ಎದೆಗವಚಿಕೊಂಡು ಕೆನ್ನೆಗೆ ಕೆನ್ನೆ ಒತ್ತಿದಳು. ಆಮೇಲೆ ಕಣ್ಣೊರೆಸಿಕೊಂಡು, ಅದರ ಕಿವಿಯಲ್ಲಿ ಮೆಲ್ಲಗೆ ಹೇಳಿದಳು:

“ಸೊನ್ನೆ ಸೆಕೆಂಡು ಕಣೋ, ನನ್ ಬಂಗಾರಾ. ಹಿಂಗಾದ್ರೆ ನಿಂಗೂ ಯಾವ ದೇಶದಲ್ಲೂ ಕೆಲ್ಸ ಸಿಗಲ್ಲ. ಬಾ, ಕಣ್ಣು ಮುಚ್ಚು.”

ಮಗು ಕಣ್ಣು ಮುಚ್ಚಿತು. ಲೂಸೆ ಮುಚ್ಚಿದಳು. ಹೊರಬಾಗಿಲ ಬಳಿ ನಿಂತಿದ್ದ ಅಧಿಕಾರಿಯೂ ಟೋಪಿ ತೆಗೆದು ತಲೆ ತಗ್ಗಿಸಿದರು. ಹಿಂದೆ ಸಾಲಾಗಿ ಹೊರಬರುತ್ತಿದ್ದ ಪ್ರಯಾಣಿಕರು ಆಮೆನ್ ಬರುವವರೆಗೆ ತೆಪ್ಪಗೆ ಕಾದರು.