ಬಾಹ್ಯಾಕಾಶದ ಮೂಲಕ ರಾಜಾಜಿನಗರಕ್ಕೆ

ದಣಿವಿನಲ್ಲೂ ಎರಡು ಬಗೆ. ಕೆಲಸ ಮಾಡಿ ದಣಿದು ಬಂದರೆ ಮನೆಯಲ್ಲಿ ಕಾಫಿ ಸಿಗುತ್ತದೆ. ಹವ್ಯಾಸದಿಂದ ದಣಿದು ಬಂದರೆ ಬೈಗುಳ ಸಿಗುತ್ತದೆ. ನಾನು ಹವ್ಯಾಸಿ ರೇಡಿಯೊದವನು. ಸರ್ಕಾರದಿಂದ ಲೈಸೆನ್ಸ್ ಪಡೆದು, ಗುರುತು ಪರಿಚಯವಿಲ್ಲದವರ ಜತೆ ಗಾಳಿಯಲ್ಲಿ ಮಾತಾಡುವ ಜನ ನಾವು. ನನ್ನ ಹೆಂಡತಿ ವಿಮಲಾಳ ಪ್ರಕಾರ, ಅದು ಮನೆಯವರ ಜತೆ ಮಾತಾಡದಿರಲು ಸರ್ಕಾರವೇ ಕೊಟ್ಟ ಲೈಸೆನ್ಸು.

ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ರಿಪೀಟರ್ ಇದೆ. ನಾವು ಕೆಳಗಿನಿಂದ ಆಡಿದ ಮಾತನ್ನು ಹಿಡಿದು ಮತ್ತೆ ಕೆಳಕ್ಕೆ ಕಳಿಸುತ್ತದೆ. ದೂರದ ದೇಶದವರಿಗೂ ಕೇಳುತ್ತದೆ. ಆದರೆ ನಿಲ್ದಾಣ ನಮ್ಮ ತಲೆಯ ಮೇಲೆ ಇರುವುದು ಹತ್ತೇ ನಿಮಿಷ. ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ಕೂಗುವುದರಿಂದ, ಅದೂ ಸಂಜೆಯ ಮೆಜೆಸ್ಟಿಕ್ ಬಸ್ಸಿನಂತೆಯೇ. ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ ವೇಳಾಪಟ್ಟಿ ಹಿಡಿದು, ಆರು ತಿಂಗಳಿಂದ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಮೂರು ಮಹಡಿ ಹತ್ತಿ ತಾರಸಿಗೆ ಹೋಗುತ್ತಿದ್ದೆ. ಅಳತೆ ಟೇಪಿನ ತುಂಡುಗಳಿಂದ ಮಾಡಿದ ಆಂಟೆನಾವನ್ನು ಆಕಾಶಕ್ಕೆ ಹಿಡಿದು ಕೂಗಿ, ಯಾರೂ ಓಗೊಡದೆ, ಹಳೆಯ ನೋವಿನ ಮಂಡಿ ಉಜ್ಜಿಕೊಂಡು ಇಳಿಯುತ್ತಿದ್ದೆ. "ಸಂಡಿಗೆ ಮೇಲೆ ಕಾಲಿಡ್ಬೇಡಿ ಸಾರ್" ಎಂಬ ಓನರ್ ಆಂಟಿಯ ಮಾತೊಂದೇ ನನಗೆ ಅಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದ ಸಂದೇಶ.

ಒಂದು ಶನಿವಾರ ಬೆಳಿಗ್ಗೆ ಉತ್ತರ ಬಂತು. ನನ್ನ ಕರೆಸಂಕೇತವನ್ನು, ಅಂದರೆ ರೇಡಿಯೊದಲ್ಲಿ ಹೆಸರಿನ ಬದಲು ಹೇಳುವ ಅಕ್ಷರಗಳನ್ನು, ಯಾರೋ ತಪ್ಪಿಲ್ಲದೆ ಕರೆದರು. ಸಂತೋಷಕ್ಕೆ ನಿಂತಲ್ಲೇ ಕುಣಿದೆ. ಅವರ ಸಂಕೇತ ಕೇಳಿದ ಮೇಲೆ ಕುಣಿತ ನಿಂತಿತು. ರಾಜಾಜಿನಗರದ ನಾಗಭೂಷಣ! ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಎರಡು ವರ್ಷದ ಹಿಂದೆ, ನಾನು ತಾರಸಿಯಲ್ಲಿ ಕಟ್ಟಿದ ತಂತಿಯ ಆಂಟೆನಾ ನೋಡಿ, ಗೆಳೆಯರೆಲ್ಲರ ಎದುರು "ಬಟ್ಟೆ ಒಣಗಿಸೋಕೆ ಚೆನ್ನಾಗಿದೆ" ಎಂದಿದ್ದರು. ಅಂದೇ ಮಾತು ಬಿಟ್ಟೆ. (ಈಗ ವಿಮಲಾ ಅದರ ಮೇಲೆ ಬಟ್ಟೆಯನ್ನೇ ಒಣಗಿಸುತ್ತಾಳೆ, ಅದು ಬೇರೆ ವಿಷಯ.) ಇಪ್ಪತ್ತು ವರ್ಷದ ಸ್ನೇಹ. ನಿಜ ಹೇಳಬೇಕೆಂದರೆ, ಅವರಿಲ್ಲದೆ ನನಗೆ ತುಂಬಾ ಬೇಜಾರಾಗಿತ್ತು.

ನಮ್ಮಲ್ಲೊಂದು ಪದ್ಧತಿ: ಜಗಳವಿರಲಿ ಏನೇ ಇರಲಿ, ಎದುರಿನವರ ಧ್ವನಿ ಎಷ್ಟು ಸ್ಪಷ್ಟವಾಗಿದೆಯೆಂದು ಅಂಕ ಕೊಡಲೇಬೇಕು. "ಐದು ಒಂಬತ್ತು" ಎಂದು ಪೂರ್ತಿ ಅಂಕ ಕೊಟ್ಟೆ. ಅವರೂ ಕೊಟ್ಟರು. ಆಮೇಲೆ, ಅಷ್ಟು ಜನ ಕಾಯುತ್ತಿರುವಾಗ, "ಮಂಡಿ ನೋವು ಹೇಗಿದೆ ಸಾರ್?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಿಲ್ದಾಣ ದಿಗಂತದಾಚೆ ಹೋಗಿಬಿಟ್ಟಿತು.

"ಸ್ಕೂಟರ್ ತಗೊಂಡ್ ಹೋಗಿ ಹೇಳ್ಬಿಟ್ ಬನ್ನಿ," ಎಂದಳು ವಿಷಯ ಕೇಳಿದ ವಿಮಲಾ. "ಅದಕ್ಕೂ ರಾಕೆಟ್ ಬೇಕಾ?"

ಮರುದಿನ ಬೆಳಿಗ್ಗೆ ಹೋದೆ. ಅವರ ಗೇಟಿನ ಬಳಿ ನಿಂತು, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಮೇಲಿನಿಂದ ಧ್ವನಿ ಕೇಳಿತು. ನಾಗಭೂಷಣ ತಾರಸಿಯಲ್ಲಿ ನಿಂತು, ಆಂಟೆನಾವನ್ನು ಆಕಾಶಕ್ಕೆ ಹಿಡಿದು, ನನ್ನ ಕರೆಸಂಕೇತವನ್ನೇ ಮತ್ತೆ ಮತ್ತೆ ಕೂಗುತ್ತಿದ್ದರು. ಅದು ನಿಲ್ದಾಣ ಹಾದುಹೋಗುವ ಹೊತ್ತು. ಈ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ಅಭ್ಯಾಸಬಲದಿಂದ ಕೆಳಗಿನಿಂದಲೇ "ಐದು ಒಂಬತ್ತು!" ಎಂದು ಕೂಗಿದೆ.

ಅವರು ಬಗ್ಗಿ ನೋಡಿದರು. ಆಂಟೆನಾ ಕೆಳಗಿಳಿಸಿದರು. "ಮಂಡಿ ಹೇಗಿದೆ ಅಂತ ಕೇಳಿದ್ನಲ್ಲ ಸಾರ್?"

"ಮೆಟ್ಲು ಹತ್ತೋಕಾಗಲ್ಲ. ನೀವೇ ಇಳಿದು ಬನ್ನಿ."

ಪಾಪ, ಇಳಿದು ಬಂದರು. ಆರು ತಿಂಗಳಿಂದ ಮೂರು ಮಹಡಿ ಹತ್ತಿ ಇಳಿಯುತ್ತಿದ್ದ ಮಂಡಿ ಅದೆಂದು ನಾನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.