ಎರೆಹುಳಕ್ಕೂ ಸೋಮವಾರ ರಜೆ

ಜರ್ರ್, ಜರ್ರ್ ಎಂದು ಎರೆಗೊಬ್ಬರ ಜರಡಿ ಹಿಡಿಯುವ ಸದ್ದು. ಊರಿಗೆ ಹೋದಾಗಲೆಲ್ಲ ನನಗೆ ಅದೇ ಅಲಾರಂ. ಸೋಮವಾರ ಮಾತ್ರ ಸೈಲೆನ್ಸ್. ಏಕೆಂದರೆ ನಮ್ಮ ಭಾವ, ಅಂದರೆ ನನ್ನ ಯಜಮಾನರ ಅಣ್ಣ, ಎರೆಹುಳಗಳಿಗೆ ವೀಕ್ಲಿ ಆಫ್ ಕೊಟ್ಟ ಜಗತ್ತಿನ ಮೊದಲ ಎಂಪ್ಲಾಯರ್. ನಂಬುವುದಿಲ್ಲವೇ?

ಸೋಮವಾರ ಬಸವಣ್ಣನ ದಿನ. ಚನ್ನರಾಯನದುರ್ಗದ ಕಡೆ ಅಂದು ಎತ್ತಿಗೆ ನೊಗ ಹೂಡುವುದಿಲ್ಲ. ಭಾವನ ಲಾಜಿಕ್ ಇನ್ನೊಂದು ಹೆಜ್ಜೆ ಮುಂದೆ.

"ಎತ್ತು ಮೇಲೆ ಉಳ್ತದೆ, ಹುಳ ಒಳಗೆ ಉಳ್ತದೆ. ಇಬ್ಬರ್ಗೂ ಒಂದೇ ಕಾನೂನು ಕಣಮ್ಮ."

"ಹುಳಕ್ಕೆ ಇವತ್ತು ಸೋಮವಾರ ಅಂತ ಹೇಗೆ ಗೊತ್ತಾಗುತ್ತೆ, ಭಾವ?"

"ಕಾನ್ವೆಂಟಲ್ಲಿ ಓದಿದೋಳು ನೀನು. ನೀನೇ ಹೇಳ್ಕೊಡು."

ಒಳಗಿನಿಂದ ಅವರ ಹೆಂಡತಿ, ನಾನು ಅಕ್ಕ ಎಂದೇ ಕರೆಯುತ್ತಿದ್ದ ಓರಗಿತ್ತಿ, ನಗುತ್ತಿದ್ದರು. "ಮದ್ವೆಯಾದಾಗಿಂದ ನಂಗೆ ಒಂದಿನ ರಜ ಇಲ್ಲ. ಹುಳಕ್ಕೆ ಕೊಟ್ಟವ್ರೆ!"

ಆ ವರ್ಷ ಅಕ್ಕನಿಗೆ ಕ್ಯಾನ್ಸರ್ ಟ್ರೀಟ್‌ಮೆಂಟ್. ನಾಲಿಗೆಯ ರುಚಿಯೇ ಹೊರಟುಹೋಗಿತ್ತು. ಮುದ್ದೆ, ಸಾರು ಎಲ್ಲವೂ ಮಣ್ಣು. ಒಂದು ದಿನ, ಆಸ್ಪತ್ರೆಯ ದಾರಿಯಲ್ಲಿ ಎಂದೋ ತಿಂದ ಸ್ವೀಟ್‌ಕಾರ್ನ್ ನೆನೆಸಿಕೊಂಡು, ಅದಾದರೆ ತಿಂದೇನು ಎಂದರು. ಮರುದಿನವೇ ಭಾವ ರಾಗಿ ಹೊಲದ ಅಂಚಿನಲ್ಲಿ ನಾಲ್ಕು ಸಾಲು ಬೀಜ ಬಿತ್ತಿದರು. ಅಂಗಡಿ ಗೊಬ್ಬರ ಕೂಡದು. ಬುಡಬುಡಕ್ಕೂ ಬೊಗಸೆ ಎರೆಗೊಬ್ಬರ. ದಿನಾ ಸಂಜೆ ಭಾವ ಗಿಡದ ಎತ್ತರವನ್ನು ಅಕ್ಕನಿಗೆ ಕೈಯಲ್ಲಿ ತೋರಿಸುತ್ತಿದ್ದರು: ಮೊಣಕಾಲು, ಸೊಂಟ, ಭುಜ.

"ನಿಮ್ ಭುಜವಾ? ಹಂಗಾರೆ ಇನ್ನೂ ಬೆಳೀಬೇಕು ಬುಡಿ," ಎಂದು ಅಕ್ಕ ಕುಳ್ಳ ಗಂಡನನ್ನು ಛೇಡಿಸುತ್ತಿದ್ದರು.

ಸ್ವೀಟ್‌ಕಾರ್ನ್ ಅನ್ನು ಕಾಳು ಚಿವುಟಿದರೆ ಹಾಲು ಬರುವಾಗಲೇ ಮುರಿಯಬೇಕು. ಬಿಸಿಲಿನಲ್ಲಿ ಒಂದೆರಡು ದಿನ ತಪ್ಪಿದರೂ ಸಿಹಿ ಹೋಗಿ ಹಿಟ್ಟಾಗುತ್ತದೆ. ಶನಿವಾರ ಭಾವ ಉಗುರಿನಲ್ಲಿ ಕಾಳು ಚಿವುಟಿದರೆ ಬರೀ ನೀರು. ನಾಳೆ ಹಾಲಾಗುತ್ತದೆ ಎಂದರು. ನಾಳೆ ಅಮಾವಾಸ್ಯೆ, ಹೊಲದ ಕೆಲಸ ಕೂಡದು. ಅದರಾಚೆ ಸೋಮವಾರ.

"ಒಂದೇ ತೆನೆ ಭಾವ, ಪ್ಲೀಸ್. ಪಾಪ ಬಂದರೆ ನನಗಿರಲಿ," ಎಂದೆ ಸೋಮವಾರ ಬೆಳಗ್ಗೆ.

ಅವರು ತಲೆ ಎತ್ತಲಿಲ್ಲ. "ಅವಳು ಇಂಗೆ ಮಲಗವಳೆ. ಈಗ ಬಸವಣ್ಣನ್ನ ಎದುರು ಹಾಕ್ಕಳಾನಾ?"

ನನ್ನ ಕಾನ್ವೆಂಟ್ ಇಂಗ್ಲಿಷನ್ನು ಮಡಚಿಟ್ಟು ಒಳಗೆ ಹೋದೆ.

ಮಂಗಳವಾರ ಬೇಯಿಸಿದ ತೆನೆ ಅಕ್ಕನ ಕೈಗೆ ಬಂತು. ನಾಲ್ಕು ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡರು. ಭಾವ ಕುಕ್ಕರುಗಾಲಲ್ಲಿ ಕೂತು ಅವರ ಮುಖವನ್ನೇ ನೋಡುತ್ತಿದ್ದರು.

"ಬೋ ಸಿಹಿ ಐತೆ," ಎಂದರು ಅಕ್ಕ. "ನೀವೂ ತಿನ್ನಿ."

ಭಾವ ತಿಂದರು. ನನಗೂ ಒಂದು ತುಂಡು ಕೊಟ್ಟರು. ಹಿಟ್ಟು ಹಿಟ್ಟು, ಸಪ್ಪೆ.

"ಹೂಂ, ಸಕ್ಕರೆ," ಎಂದು ಭಾವ ಇನ್ನಷ್ಟು ಕಾಳು ಬಿಡಿಸತೊಡಗಿದರು.

ನನಗೆ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ತಿರುಗಿ ನೋಡಿದೆ. ಅಕ್ಕ ಬಾಯಿ ತೆರೆದು ಕಾಯುತ್ತಿದ್ದರು. ಭಾವ ಒಂದೊಂದೇ ಕಾಳು ಇಡುತ್ತಿದ್ದರು. ಅಕ್ಕನನ್ನು ನಾನು ಕಂಡದ್ದು ಅದೇ ಕೊನೆ.